ಒಂದೇ ರಾಶಿಯಲ್ಲಿದ್ದರೆ ಸಾಕೇ?
ನಿಮ್ಮ ಲೇಖನದಲ್ಲಿ, ಜಾತಕದಲ್ಲಿ ಗುರು, ರಾಹು ಒಂದೇ ಮನೆಯಲ್ಲಿ, ಅಂದರೆ ಒಂದೇ ರಾಶಿಯಲ್ಲಿ ಇದ್ದರೆ ಗುರು ಚಾಂಡಾಲ ಯೋಗ, ಮಗು ಓದಿನಲ್ಲಿ ಹಿಂದೆ ಬೀಳುತ್ತದೆ ಎಂದು ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. 2023ರ ಏಪ್ರಿಲ್ 22ರಿಂದ ಅಕ್ಟೋಬರ್ ಕೊನೆಯವರೆಗೆ ಎರಡೂ ಮೇಷದಲ್ಲೇ ಇದ್ದವು. ಆ ಆರು ತಿಂಗಳಲ್ಲಿ ಹುಟ್ಟಿದ ಮಕ್ಕಳೆಲ್ಲ ದಡ್ಡರಾ? ನನ್ನ ಮೊಮ್ಮಗಳು ಆ ಅಕ್ಟೋಬರಿನಲ್ಲೇ ಹುಬ್ಬಳ್ಳಿಯಲ್ಲಿ ಹುಟ್ಟಿದಳು. ಜಾತಕ ಬರೆದವರು ಇದೇ ಮಾತು ಹೇಳಿ ಶಾಂತಿ ಮಾಡಿಸಿ ಅಂದರು. ಬಾಣಂತಿ ಮಗಳು ರಾತ್ರಿಯೆಲ್ಲ ಅತ್ತಳು. ಆಮೇಲೆ ಪಂಚಾಂಗ ತೆಗೆದು ಸ್ಫುಟ (ಗ್ರಹ ರಾಶಿಯಲ್ಲಿ ಎಷ್ಟನೇ ಡಿಗ್ರಿಯಲ್ಲಿದೆ ಅನ್ನೋದು) ನೋಡಿದರೆ ಎರಡರ ನಡುವೆ 15 ಡಿಗ್ರಿಗೂ ಜಾಸ್ತಿ ಅಂತರ! ಒಂದು ರಾಶಿ ಅಂದರೆ 30 ಡಿಗ್ರಿ, ಅಲ್ವಾ? ಒಂದೇ ರಾಶಿಯಲ್ಲಿದ್ದ ಮಾತ್ರಕ್ಕೆ ಎರಡೂ ಹತ್ತಿರ ಇವೆ ಅಂತಲ್ಲ. ಡಿಗ್ರಿ, ಲಗ್ನ (ಹುಟ್ಟಿದ ಹೊತ್ತಿಗೆ ಪೂರ್ವದಲ್ಲಿ ಉದಯಿಸುವ ರಾಶಿ), ಗುರು ಯಾವ ಮನೆಯ ಅಧಿಪತಿ, ಏನೂ ನೋಡದೆ ಸುಮ್ನೆ ಯೋಗದ ಹೆಸರು ಹೇಳಿ ಹೆದರಿಸಬೇಡಿ. ಲೇಖನದಲ್ಲಿ ದಯವಿಟ್ಟು ಇದನ್ನೂ ಸೇರಿಸಿ.