ಲುಂಗಿ ಬಿಚ್ಚಿಸದೆ ಡಾಕ್ಟರಾಗುವ ವಿದ್ಯೆ

ಕೋಲಾರ ಬಸ್ ಸ್ಟ್ಯಾಂಡಿಂದ ಬಂಗಾರಪೇಟೆ ಕಡೆ ಆಗ್ಲಿ ಮುಳಬಾಗಿಲು ಕಡೆ ಆಗ್ಲಿ ಹೊರಡಿ, ಗೋಡೆ ಅಂತ ಒಂದಿದ್ರೆ ಅದ್ರ ಮೇಲೆ ಗುಪ್ತರೋಗ ಇದ್ದೇ ಇರುತ್ತೆ. ಇಂಥ ಲಾಡ್ಜು, ಇಂಥ ರೂಮು, ತಿಂಗಳಲ್ಲಿ ಇಂಥ ತಾರೀಖು. ಓಡೋ ಬಸ್ಸಿಂದಾನೂ ಓದೋಷ್ಟು ದಪ್ಪ ಅಕ್ಷರ, ಹೆಸರು ಮಾತ್ರ ಗುಪ್ತ. ಲೈಂಗಿಕ ಶಕ್ತಿ, ಗುಹ್ಯರೋಗ ಅಂತೆಲ್ಲ ಜಾಹೀರಾತು ಹಾಕ್ಬಾರ್ದು ಅಂತ 1954ರಲ್ಲೇ ಕಾಯ್ದೆ ಬಂದಿದೆ. ಆ ಕಾಯ್ದೆಗೆ ಈಗ ಎಪ್ಪತ್ತು ದಾಟಿ, ಮೂತ್ರಕೋಶದ ಕೆಳಗಿರೋ ಪ್ರಾಸ್ಟೇಟ್ ಗ್ರಂಥಿ ಊದ್ಕೊಂಡು ಮೂಲೇಲಿ ಕೂತಿದೆ, ಗೋಡೆಗೆ ಮಾತ್ರ ಆಗಾಗ ಹೊಸ ಪೇಂಟು.

ಇನ್ನು ಮೆಡಿಕಲ್ ಕಾಲೇಜಿಗೆ ಬನ್ನಿ. ಯಾವ್ದು ಅಂತ ಕೇಳ್ಬೇಡಿ, ದೇಶದಲ್ಲಿ ಎಲ್ಲಿ ಹೋದ್ರೂ ಇದೇ ಕಥೆ. ಮೂತ್ರ ಕಟ್ಕೊಂಡಿರೋ ತಾತ ಬೆಡ್ ಮೇಲೆ, ಸುತ್ತ ಬಿಳಿ ಕೋಟಿನ ಒಂದು ಪಟಾಲಂ. ಒಬ್ಬ ಹುಡುಗ ಗಂಟಲು ಸರಿ ಮಾಡ್ಕೊಂಡು "ತಾತ, ಯೂರಿನ್ ಪಾಸ್ ಆಗ್ತಾ ಇದ್ಯಾ?" ಅಂತಾನೆ. "ಪಾಸೋ ಫೇಲೋ ನಂಗೇನ್ ಗೊತ್ತು ಸಾಮಿ, ಓದಿರೋರು ನೀವಲ್ವಾ" ಅಂತಾನೆ ತಾತ. ಹಿಸ್ಟರಿ ಮುಗೀತು. ಪ್ರಾಸ್ಟೇಟ್ ನೋಡೋಕೆ ಬೇಕಾಗಿರೋದು ಒಂದು ಗ್ಲೌಸು, ಸ್ವಲ್ಪ ಜೆಲ್ಲಿ, ಗುದದ್ವಾರದಿಂದ ಮುಟ್ಟಿ ನೋಡೋಕೆ ಒಂದು ಬೆರಳು, ನಯವಾಗಿ ಊದಿದ್ಯಾ ಇಲ್ಲ ಕಲ್ಲಿನಂಗೆ ಗಟ್ಟಿ ಇದ್ಯಾ ಅಂತ ತಿಳಿದ್ರೆ ಕ್ಯಾನ್ಸರ್ ಅನುಮಾನ ಅಲ್ಲೇ ಬರುತ್ತೆ. ಆದ್ರೆ ಹುಡುಗರಿಗೆ ನಾಚ್ಕೆ, ಹುಡುಗೀರಿಗೆ ಸಂಕೋಚ, ಮೇಷ್ಟ್ರಿಗೆ ಓಪಿಡಿ ಅರ್ಜೆಂಟು. ಹಂಗಾಗಿ ಕೇಸ್ ಶೀಟಲ್ಲಿ "ಜನನೇಂದ್ರಿಯ: ನಾರ್ಮಲ್" ಅಂತ ಬರ್ದು ಸೈನ್ ಹಾಕಾಯ್ತು. ಲುಂಗಿ ಗಂಟು ಬಿಚ್ಚೇ ಇಲ್ಲ, ಒಳಗೆಲ್ಲ ನಾರ್ಮಲ್ಲು, ಎಕ್ಸ್-ರೇ ಮಿಷಿನ್ ಯಾಕ್ರೀ ಬೇಕು ಇಂಥ ಕಣ್ಣಿರೋವಾಗ.

ತಾತನ ಕೇಸು ನಗೋಕೆ ಸರಿ, ಹುಡುಗರ ಕೇಸು ಅಷ್ಟು ಸುಲಭ ಅಲ್ಲ. ಹದಿನಾಲ್ಕರ ಹುಡುಗ ನಡುರಾತ್ರಿ ಹೊಟ್ಟೆ ನೋವು ಅಂತ ಬರ್ತಾನೆ, ನೋವು ನಿಜವಾಗಿ ಇರೋದು ಬೀಜದಲ್ಲಿ, ಅಮ್ಮ ಪಕ್ಕದಲ್ಲೇ ನಿಂತಿರೋದ್ರಿಂದ ಬಾಯಿ ಬಿಡಲ್ಲ. ಬೀಜ ತಿರುಚ್ಕೊಂಡಿದ್ರೆ ಸುಮಾರು ಆರು ಗಂಟೆ ಒಳಗೆ ಬಿಡಿಸ್ಬೇಕು, ಆಮೇಲೆ ಗಂಟೆ ಗಂಟೆಗೂ ಉಳಿಯೋ ಚಾನ್ಸ್ ಕಮ್ಮಿ. ಇದು ಪರೀಕ್ಷೇಲಿ ಬರುತ್ತೆ, ಎಲ್ಲರೂ ಬರೀತಾರೆ, ಮಾರ್ಕ್ಸೂ ಬೀಳುತ್ತೆ. ಅದೇ ಹುಡುಗ ಕ್ಯಾಷುಯಾಲ್ಟಿಗೆ ಬಂದ್ರೆ ಹೊಟ್ಟೆ ಒತ್ತಿ ನೋಡಿ ಗ್ಯಾಸ್ಟ್ರಿಕ್ಕು ಅಂತ ಇಂಜೆಕ್ಷನ್ ಕೊಟ್ಟು ಮನೆಗೆ ಕಳಿಸೋದು, ಚಡ್ಡಿ ಇಳ್ಸಿ ನೋಡೋಕೆ ಯಾರೂ ಕಲಿಸೇ ಇಲ್ವಲ್ಲ.

ಮೇಲಿರೋ ರಾಷ್ಟ್ರೀಯ ವೈದ್ಯಕೀಯ ಆಯೋಗಕ್ಕೆ ಈ ಭಾಗದ ಮೇಲೆ ಆಸಕ್ತಿ ಇಲ್ಲ ಅಂತೇನಲ್ಲ. ಅತ್ಯಾಚಾರಕ್ಕೆ ಒಳಗಾದ ಹೆಂಗಸ್ರಿಗೆ ಮಾಡ್ತಿದ್ದ ಎರಡು ಬೆರಳಿನ ಪರೀಕ್ಷೆ ಪಠ್ಯದಲ್ಲಿ ಇರ್ಬಾರ್ದು ಅಂತ ಸುಪ್ರೀಂ ಕೋರ್ಟ್ 2022ರಲ್ಲೇ ಹೇಳಿದ್ರೂ, 2024ರ ಆಗಸ್ಟ್ ಕೊನೆಗೆ ಫೊರೆನ್ಸಿಕ್ ಪಠ್ಯದಲ್ಲಿ ಕನ್ಯಾಪೊರೆ, ಕನ್ಯತ್ವದ ಪಾಠ ಎಲ್ಲ ವಾಪಸ್ ತಂದು, ಗಲಾಟೆ ಆದ್ಮೇಲೆ ಸೆಪ್ಟೆಂಬರಲ್ಲಿ ಹಿಂದಕ್ಕೆ ತಗೊಂಡ್ರು. ಬೇಡದ ಕಡೆ ಎರಡು ಬೆರಳು, ಬೇಕಾದ ಕಡೆ ಒಂದೂ ಇಲ್ಲ.

ಬೇರೆ ಜಿಲ್ಲೆ ಆಗಿದ್ರೆ ಹೋಗ್ಲಿ ಅನ್ಬೋದಿತ್ತು. ಬೆಂಗಳೂರಿನವರು ಒಂದಕ್ಕೆ ಹೋಗಿದ್ದನ್ನ, ಎರಡಕ್ಕೆ ಹೋಗಿದ್ದನ್ನ, ಎರಡೇ ಹಂತ ಸೋಸಿ 2018ರಿಂದ ಪೈಪಲ್ಲಿ ನಮ್ಮ ಕೋಲಾರದ ಕೆರೆಗಳಿಗೆ ಬಿಡ್ತಾ ಇದಾರೆ, ಕೆ.ಸಿ. ವ್ಯಾಲಿ ಅಂತ ಅಂದವಾದ ಹೆಸರು ಬೇರೆ. ಮೂರನೇ ಹಂತಾನೂ ಮಾಡ್ರಪ್ಪಾ ಅಂತ ಇಲ್ಲಿನ ರೈತರು ಕೇಳಿ ಕೇಳಿ ಸಾಕಾದ್ರು. ಮೂತ್ರಕ್ಕೋಸ್ಕರ ಇಷ್ಟು ತ್ಯಾಗ ಮಾಡಿರೋ ಜಿಲ್ಲೆಗೆ ಅದ್ರ ಬಗ್ಗೆ ತಲೆ ಎತ್ಕೊಂಡು ಮಾತಾಡೋ ಡಾಕ್ಟ್ರನ್ನಾದ್ರೂ ಕೊಡ್ಬಾರ್ದಾ? ಯೂರಾಲಜಿಸ್ಟ್, ಅಂದ್ರೆ ಮೂತ್ರರೋಗ ತಜ್ಞ, ಆಗೋಕೆ ಎಂಬಿಬಿಎಸ್ ಐದೂವರೆ, ಎಂಎಸ್ ಮೂರು, ಎಂಸಿಎಚ್ ಮೂರು, ಹನ್ನೊಂದೂವರೆ ವರ್ಷ, ಅಷ್ಟೊತ್ತಿಗೆ ಅವ್ನು ಬೆಂಗಳೂರಲ್ಲಿ ಫ್ಲಾಟ್ ತಗೊಂಡಿರ್ತಾನೆ.

ಗೋಡೆ ಮೇಲಿನ ಆ ಲಾಡ್ಜ್ ಡಾಕ್ಟ್ರನ್ನ ನೋಡಿ. ಬಾಗಿಲು ಹಾಕಿ ಮೊದಲ ಪ್ರಶ್ನೇನೇ "ಯಾವಾಗಿಂದ? ಯಾರ ಹತ್ರ ಹೋಗಿದ್ದೆ? ಹೆಂಡ್ತಿಗೂ ಇದ್ಯಾ?" ಟೆಕ್ಸ್ಟ್ ಬುಕ್ಕಲ್ಲಿ ಇರೋದೂ ಇವೇ ಪ್ರಶ್ನೆ, ಕೇಳೋ ಧೈರ್ಯ ಇರೋದು ಇವ್ರಿಗೆ ಮಾತ್ರ. ಆಮೇಲೆ ಧಾತು ಹೋಗ್ತಾ ಇದೆ ಅಂತ ಹೆದರ್ಸಿ ಸಾವಿರಗಟ್ಲೆ ಕಿತ್ಕೊಂಡು ಪುಡಿ ಕೊಡ್ತಾರೆ ಅನ್ನೋದು ಬೇರೆ ಮಾತು. ಗುಪ್ತರೋಗಕ್ಕೆ ಅಂತಾನೇ ಇರೋ ಸರ್ಕಾರಿ ಸುರಕ್ಷಾ ಕ್ಲಿನಿಕ್ಕಲ್ಲಿ ಔಷಧಿ ಕಿಟ್ಟು ಪುಕ್ಕಟೆ, ಬೂದು, ಹಸಿರು, ಬಿಳಿ, ನೀಲಿ, ಕೆಂಪು, ಹಳದಿ, ಕಪ್ಪು ಅಂತ ಒಂದೊಂದು ಲಕ್ಷಣಕ್ಕೆ ಒಂದೊಂದು ಬಣ್ಣ. ಆದ್ರೆ ಕ್ಲಿನಿಕ್ ಎಲ್ಲಿ ಅಂತ ಕೇಳ್ಬೇಕಂದ್ರೆ ಕೌಂಟರಲ್ಲಿ ಕೂತಿರೋರು ಗೊತ್ತಿರೋ ಊರವ್ರೇ ಆಗಿರ್ತಾರೆ, ಗೋಡೆ ಮೇಲೆ ಅಕ್ಷರಾನೂ ಇಲ್ಲ.

ಅದಕ್ಕೆ ನಂದೊಂದು ಸಲಹೆ, ಲಾಡ್ಜ್ ಡಾಕ್ಟ್ರನ್ನೇ ವಿಸಿಟಿಂಗ್ ಪ್ರೊಫೆಸರ್ ಮಾಡ್ಬಿಡಿ. ಔಷಧಿ ಬರೆಯೋಕೆ ಬಿಡ್ಬೇಡಿ, ಪ್ರಶ್ನೆ ಕೇಳೋದನ್ನ ಮಾತ್ರ ಕಲಿಸ್ಲಿ. ಇನ್ಸ್ಪೆಕ್ಷನ್ ದಿನ ಬೆಡ್ ತುಂಬಿಸೋಕೆ ಟೆಂಪೋದಲ್ಲಿ ಜನ ಕರ್ಕೊಂಡು ಬರೋ ಖರ್ಚೂ ಉಳಿಯುತ್ತೆ, ಅವ್ರ ಹತ್ರ ಇರೋರೆಲ್ಲ ಅಸಲಿ ಪೇಷಂಟ್ಸು. 2025ರ ಮೇ ತಿಂಗಳಿಂದ ಮೇಷ್ಟ್ರುಗಳು ಮುಖ ತೋರಿಸಿ ಜಿಪಿಎಸ್ಸಲ್ಲಿ ಅಟೆಂಡೆನ್ಸ್ ಹಾಕ್ಬೇಕು ಅಂತ ಆಯೋಗದ ರೂಲು, ಅದಕ್ಕೂ ತೊಂದ್ರೆ ಇಲ್ಲ, ಗೋಡೆ ಮೇಲೆ ಬರ್ದಿರೋ ತಾರೀಖಿಗೆ ಇವ್ರು ಯಾವತ್ತೂ ಚಕ್ಕರ್ ಹೊಡ್ದಿಲ್ಲ.