ಕೊಂಬು, ಸಗಣಿ, ಬಿಳಿ ವೈನು

ಬಿಳಿ ವೈನಿನ ಬಗ್ಗೆ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರೋದು ಒಂದೇ ವಿಷಯ. ಚೆನ್ನಾಗಿ ತಣ್ಣಗಿರಬೇಕು. ಫ್ರಿಜ್ಜಿನಿಂದ ತೆಗೆದ ಬಾಟಲಿಯ ಮೈಮೇಲೆ ನೀರಹನಿ ಮೂಡಿರಬೇಕು, ಬಣ್ಣ ಇದ್ದೂ ಇಲ್ಲದ ಹಾಗಿರಬೇಕು, ತೆರೆದ ದಿನವೇ ಮುಗಿಸಿಬಿಡಬೇಕು. ಮೀನಿನ ಜೊತೆ ಚೆನ್ನಾಗಿ ಹೊಂದುತ್ತೆ ಅನ್ನೋ ಮಾತು ಮೇಲೊಂದು ಕೊಸರು. ಈ ಲೆಕ್ಕವನ್ನೆಲ್ಲ ತಲೆಕೆಳಗು ಮಾಡುವ ಬಿಳಿ ವೈನೊಂದು ಫ್ರಾನ್ಸಿನಲ್ಲಿದೆ. ಹೆಸರು ಕೂಲೇ ದ ಸೆರಾನ್. ಅದನ್ನು ಮಾಡುವವರು ಹಸುವಿನ ಕೊಂಬಿಗೆ ಸಗಣಿ ತುಂಬಿ ನೆಲದಲ್ಲಿ ಹೂಳುತ್ತಾರೆ. ತಮಾಷೆಯಲ್ಲ, ನಿಜವಾಗಿಯೂ.

ಪ್ಯಾರಿಸ್ಸಿನಿಂದ ನೈಋತ್ಯಕ್ಕೆ ಹೋದರೆ ಆಂಜೆ ಪಟ್ಟಣ ಸಿಗುತ್ತದೆ. ಅದರ ಹತ್ತಿರ, ಲ್ವಾರ್ ನದಿಯ ಬಲದಂಡೆಯಲ್ಲಿ ಸಾವೆನ್ಯೇರ್ ಅನ್ನೋ ಊರು. ಅಲ್ಲಿ ನದಿ ಕಡೆಗೆ ಇಳಿಯುವ ಕಡಿದಾದ ಇಳಿಜಾರಿನಲ್ಲಿ ಈ ತೋಟವಿದೆ. ಮಣ್ಣು ಕೆದಕಿದರೆ ಪದರ ಪದರವಾಗಿ ಸೀಳುವ ಷಿಸ್ಟ್ ಕಲ್ಲು. ಒಟ್ಟು ಸುಮಾರು 7 ಹೆಕ್ಟೇರ್. ನಮ್ಮ ಲೆಕ್ಕದಲ್ಲಿ ಹದಿನೇಳು ಎಕರೆ ಚಿಲ್ಲರೆ. ಇಷ್ಟು ಪುಟ್ಟ ಜಾಗಕ್ಕೆ ಫ್ರೆಂಚ್ ಕಾನೂನು ಅದರದ್ದೇ ಆದ ಅಪೆಲಾಸಿಯೋಂ ಕೊಟ್ಟಿದೆ. ಅಂದರೆ ಲೇಬಲ್ಲಿನ ಮೇಲೆ ಆ ಜಾಗದ ಹೆಸರು ಹಾಕುವ ಹಕ್ಕು ಪ್ರಪಂಚದಲ್ಲಿ ಒಂದೇ ಮನೆತನದ್ದು. ಇಲ್ಲಿ ಮೊದಲು ಬಳ್ಳಿ ನೆಟ್ಟವರು ಸಿಸ್ಟರ್ಶಿಯನ್ ಪಂಥದ ಕ್ರೈಸ್ತ ಸನ್ಯಾಸಿಗಳು, 1130ರಲ್ಲಿ ಅಂತ ಹೇಳುತ್ತಾರೆ. 1214ರಲ್ಲಿ ಇಂಗ್ಲೆಂಡಿನ ಜಾನ್ ರಾಜ ಇದೇ ಜಾಗದ ಕೋಟೆಗೆ ಮುತ್ತಿಗೆ ಹಾಕಿದ. ಫ್ರೆಂಚ್ ರಾಜಕುಮಾರ ಸೈನ್ಯ ತರುತ್ತಿದ್ದಾನೆ ಅಂತ ಗೊತ್ತಾಗಿದ್ದೇ ತಡ, ಗಂಟುಮೂಟೆ ಕಟ್ಟಿದ. ಮರುವರ್ಷವೇ ತನ್ನ ಸಾಮಂತರ ಮುಂದೆ, ರಾಜನ ಅಧಿಕಾರಕ್ಕೇ ಕಡಿವಾಣ ಹಾಕುವ ಮ್ಯಾಗ್ನ ಕಾರ್ಟ ಅನ್ನೋ ಒಪ್ಪಂದಕ್ಕೆ ಮುದ್ರೆ ಒತ್ತಬೇಕಾಯಿತು. ವೈನಿಗೂ ಇದಕ್ಕೂ ಸಂಬಂಧವಿಲ್ಲ ಬಿಡಿ. ಆದರೂ ಹೇಳದೆ ಇರೋಕಾಗಲಿಲ್ಲ.

ಜೋಲಿ ಕುಟುಂಬ ಈ ತೋಟ ಕೊಂಡಿದ್ದು 1962ರಲ್ಲಿ. ಮಗ ನಿಕೊಲಾ ಜೋಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಎಂಬಿಎ ಓದಿ, ನ್ಯೂಯಾರ್ಕ್ ಮತ್ತು ಲಂಡನ್ನಿನಲ್ಲಿ ಬ್ಯಾಂಕ್ ಕೆಲಸದಲ್ಲಿದ್ದವರು. 1977ರಲ್ಲಿ ಅದೆಲ್ಲ ಬಿಟ್ಟು ತೋಟಕ್ಕೆ ಬಂದರು. ಬಂದ ಹೊಸತರಲ್ಲಿ ಒಬ್ಬ ಕೃಷಿ ಸಲಹೆಗಾರ ಬಂದು, ನಿಮ್ಮ ತಾಯಿ ಚೆನ್ನಾಗೇ ನೋಡಿಕೊಂಡಿದ್ದಾರೆ, ಆದರೆ ಹಳೇ ಕಾಲದ ಪದ್ಧತಿ, ಕಳೆನಾಶಕ ಹೊಡೆದರೆ ಎಷ್ಟೋ ದುಡ್ಡು ಉಳಿಯುತ್ತೆ ಅಂದರಂತೆ. ಬ್ಯಾಂಕಿನವರಿಗೆ ದುಡ್ಡು ಉಳಿಯುತ್ತೆ ಅಂದರೆ ಸಾಕಲ್ವಾ? ಹೊಡೆಸಿದರು. ಎರಡು ವರ್ಷದೊಳಗೆ ಮಣ್ಣಿನ ಬಣ್ಣವೇ ಬದಲಾಯಿತು, ಹುಳಹುಪ್ಪಟೆ ಇಲ್ಲವಾಯಿತು, ಕೌಜುಗಗಳು ಕಾಣೆಯಾದವು ಅಂತ ಅವರೇ ಹೇಳಿಕೊಂಡಿದ್ದಾರೆ. ಆ ಹೊತ್ತಿಗೆ, ರಾಸಾಯನಿಕ ಬಿಟ್ಟು ಚಂದ್ರ, ನಕ್ಷತ್ರಗಳ ಲೆಕ್ಕ ನೋಡಿ ಬೇಸಾಯ ಮಾಡುವ ಬಯೋಡೈನಮಿಕ್ ಕೃಷಿಯ ಪುಸ್ತಕವೊಂದು ಅಕಸ್ಮಾತ್ತಾಗಿ ಕೈಗೆ ಸಿಕ್ಕಿತು. 1980ರಲ್ಲಿ ಸ್ವಲ್ಪ ಜಾಗದಲ್ಲಿ ಪ್ರಯೋಗ, 1984ಕ್ಕೆ ಇಡೀ ತೋಟ.

ಈ ಬಯೋಡೈನಮಿಕ್ ಅನ್ನೋದರ ಮೂಲಪುರುಷ ರುಡಾಲ್ಫ್ ಸ್ಟೈನರ್. 1924ರಲ್ಲಿ, ಈಗ ಪೋಲೆಂಡಿನಲ್ಲಿರುವ ಒಂದು ಹಳ್ಳಿಯಲ್ಲಿ, ರೈತರಿಗೆ ಎಂಟು ಉಪನ್ಯಾಸ ಕೊಟ್ಟರು. ಮರುವರ್ಷ ತೀರಿಕೊಂಡರು. ಸ್ವತಃ ರೈತರೇನಲ್ಲ, ತತ್ವಜ್ಞಾನಿ. ಮದ್ಯ ಅಂದರೆ ಆತ್ಮದ ಏಳಿಗೆಗೆ ಅಡ್ಡಿ ಅನ್ನುತ್ತಿದ್ದವರು. ಅವರ ಮಾತನ್ನು ಇವತ್ತು ಎಲ್ಲರಿಗಿಂತ ಶ್ರದ್ಧೆಯಿಂದ ಪಾಲಿಸುತ್ತಿರುವವರಲ್ಲಿ ವೈನ್ ಮಾಡುವವರೇ ಮುಂದಿದ್ದಾರೆ. ಗುರುಗಳು ಮೇಲಿಂದ ನೋಡಿ ಏನಂದುಕೊಳ್ಳುತ್ತಾರೋ.

ಇನ್ನು ಅವರು ಹೇಳಿಕೊಟ್ಟ ಕೊಂಬಿನ ವಿಚಾರ. ಹೋರಿಯದ್ದು ಆಗೋದಿಲ್ಲ, ಕರು ಹಾಕಿದ ಹಸುವಿನದ್ದೇ ಆಗಬೇಕು. ಅದರೊಳಗೆ ಹಸಿ ಸಗಣಿಯನ್ನು ಸಂದಿಲ್ಲದಂತೆ ಒತ್ತಿ ತುಂಬುತ್ತಾರೆ. ಶರತ್ಕಾಲದಲ್ಲಿ ಗುಂಡಿ ತೋಡಿ ಹೂಳುತ್ತಾರೆ. ಚಳಿಗಾಲ ಪೂರ್ತಿ ಅದು ಮಣ್ಣೊಳಗೇ ಇರುತ್ತದೆ. ವಸಂತದಲ್ಲಿ ತೆಗೆದು ಕೊಂಬನ್ನು ಕಲ್ಲಿಗೆ ತಟ್ಟಿದರೆ, ಒಳಗಿರೋದು ಸಗಣಿ ಅಂತ ಹೇಳೋಕೇ ಆಗೋದಿಲ್ಲ. ವಾಸನೆ ಹೋಗಿ, ಕಾಡಿನ ಮಣ್ಣಿನ ಕಂಪು ಬಂದಿರುತ್ತದೆ. ಬಣ್ಣ ಕಡುಗಂದು, ಹಿಡಿದರೆ ಮೆತ್ತಗೆ. ಇದರಲ್ಲಿ ಚೂರು ತೆಗೆದು ಬೆಚ್ಚಗಿನ ನೀರಿಗೆ ಹಾಕಿ ಕೋಲಿನಿಂದ ತಿರುಗಿಸಬೇಕು. ಒಂದು ದಿಕ್ಕಿಗೆ ಜೋರಾಗಿ, ನಡುವೆ ತಳ ಕಾಣುವಷ್ಟು ಸುಳಿ ಏಳುವ ತನಕ. ಸುಳಿ ಎದ್ದ ಕೂಡಲೇ ಗಕ್ಕನೆ ಎದುರು ದಿಕ್ಕಿಗೆ. ನೀರೆಲ್ಲ ಕಲಕಿ ನೊರೆಯೆದ್ದು ಮತ್ತೆ ಸುಳಿಯಾಗಬೇಕು. ಹೀಗೆ ಪೂರಾ ಒಂದು ಗಂಟೆ. ಆಮೇಲೆ ಸಂಜೆ ಹೊತ್ತು ತೋಟಕ್ಕೆ ಚಿಮುಕಿಸುತ್ತಾರೆ. ಹೆಕ್ಟೇರಿಗೆ ಬೇಕಾಗೋದು ಸುಮಾರು 100 ಗ್ರಾಂ. ಇಡೀ ಕೂಲೇ ದ ಸೆರಾನಿಗೆ ಮುಕ್ಕಾಲು ಕಿಲೋ ಕೂಡ ಬೇಡ! ಗಾಡಿಗಟ್ಟಲೆ ತಿಪ್ಪೆಗೊಬ್ಬರ ಹೊಡೆಯುವ ನಮ್ಮೂರ ರೈತನಿಗೆ ಹೇಳಿದರೆ, ಇದು ಗೊಬ್ಬರವೋ ತೀರ್ಥವೋ ಅಂತ ಕೇಳಿಯಾನು.

ಪ್ಯಾರಿಸ್ಸಿನವರಿಗೆ ಇದೆಲ್ಲ ಮಾಟಮಂತ್ರದ ಹಾಗೆ ಕಂಡಿರಬಹುದು. ನಮಗೆ ಅಷ್ಟೇನೂ ಗಾಬರಿಯಾಗೋದಿಲ್ಲ. ಸಗಣಿ ನಮಗೆ ಹೊಸದಲ್ಲ. ಚಂದ್ರನನ್ನು ನೋಡಿ ಬಿತ್ತುವುದೂ ಹೊಸದಲ್ಲ. ಶುಕ್ಲಪಕ್ಷದಲ್ಲಿ ಬಿದಿರು ಕಡಿದರೆ ಹುಳ ಬೀಳುತ್ತೆ ಅಂತ ಮಲೆನಾಡಿನಲ್ಲಿ ಈಗಲೂ ಹೇಳುತ್ತಾರೆ. ಬಯೋಡೈನಮಿಕ್‌ನವರ ಪಂಚಾಂಗವೂ ಹೆಚ್ಚು ಕಡಿಮೆ ಇದೇ ದಾರಿಯದು. ಬೇರಿನ ದಿನ, ಎಲೆಯ ದಿನ, ಹೂವಿನ ದಿನ, ಹಣ್ಣಿನ ದಿನ ಅಂತ ಅದರಲ್ಲಿ ವಿಂಗಡಣೆ. ನಾನು ಇದನ್ನು ನಂಬುತ್ತೇನಾ? ಇಲ್ಲ. ಸಾವಯವ ತೋಟವನ್ನೂ ಬಯೋಡೈನಮಿಕ್ ತೋಟವನ್ನೂ ಪಕ್ಕಪಕ್ಕ ಇಟ್ಟು ಅಳೆದವರಿಗೆ, ಇದು ಕೊಂಬಿನಿಂದಲೇ ಆದ ಲಾಭ ಅಂತ ಖಚಿತವಾಗಿ ತೋರಿಸೋಕೆ ಆಗಿಲ್ಲ. ಆದರೆ ಕಳೆನಾಶಕ ನಿಲ್ಲಿಸಿದ್ದು, ಇಳಿಜಾರಿನಲ್ಲಿ ಕುದುರೆ ಕಟ್ಟಿ ಉತ್ತಿದ್ದು, ಇವುಗಳ ಫಲಕ್ಕೆ ನಕ್ಷತ್ರದ ಸಾಕ್ಷಿ ಬೇಕಿಲ್ಲ.

ನನಗೆ ವಿಚಿತ್ರ ಅನ್ನಿಸೋದು ಕೊಂಬಲ್ಲ, ಆ ವೈನಿನ ಹಟ. ದ್ರಾಕ್ಷಿ ಶೆನಿನ್ ಬ್ಲಾಂಕ್. ಇದು ಒಂದೇ ಸಲಕ್ಕೆ ಹಣ್ಣಾಗುವ ಜಾತಿಯಲ್ಲ. ಹಾಗಾಗಿ ವಾರಗಟ್ಟಲೆ ಕಾದು, ಅದೇ ಸಾಲಿಗೆ ಮತ್ತೆ ಮತ್ತೆ ಹೋಗಿ, ಹೊಂಬಣ್ಣಕ್ಕೆ ತಿರುಗಿದ ಗೊಂಚಲನ್ನಷ್ಟೇ ಕೊಯ್ಯುತ್ತಾರೆ. ಕೆಲವದರ ಮೇಲೆ ಬೂಷ್ಟು ಕೂಡ ಹಿಡಿದಿರುತ್ತದೆ. ಇಳುವರಿ ತುಂಬಾ ಕಡಿಮೆ. ಅಂಗಡಿಯ ಯೀಸ್ಟ್ ಹಾಕೋದಿಲ್ಲ, ಹಣ್ಣಿನ ಜೊತೆ ಬಂದದ್ದೇ ಹುಳಿ ಬರಿಸಬೇಕು. ಹೊಸ ಪೀಪಾಯಿಯ ಮರದ ರುಚಿ ಬೇಡ ಅಂತ ಹಳೆಯವನ್ನೇ ಜಾಸ್ತಿ ಬಳಸುತ್ತಾರೆ. ಕೊನೆಗೆ ಬಾಟಲಿ ಕೈಗೆ ಬಂದರೆ ಅದರ ಜೊತೆ ಒಂದಷ್ಟು ಷರತ್ತು. ಫ್ರಿಜ್ಜಿನ ತಂಪು ಬೇಡ, 14 ಡಿಗ್ರಿ ಸಾಕು. ಒಂದು ದಿನ ಮುಂಚೆಯೇ ತೆರೆದು ಬೇರೆ ಪಾತ್ರೆಗೆ ಬಗ್ಗಿಸಿಡಿ. ಅವಸರ ಮಾಡಬೇಡಿ.

ಲಿಯೋನ್‌ನಲ್ಲಿರುವ ಗೆಳೆಯನ ಮನೆಯಲ್ಲಿ ಇದರ ರುಚಿ ನೋಡುವ ಯೋಗ ಒಮ್ಮೆ ಬಂತು. ಅವನು ಷರತ್ತಿನ ಗೊಡವೆಗೆ ಹೋಗದೆ ಆಗಲೇ ಬಿರಡೆ ತೆಗೆದ. ಲೋಟದಲ್ಲಿ ಕಂಡಿದ್ದು ಬಿಳಿ ವೈನಿನ ಬಣ್ಣವೇ ಅಲ್ಲ, ಹಳೇ ಜೇನುತುಪ್ಪದ ಬಣ್ಣ. ಮೂಗಿಗೆ ಹಿಡಿದರೆ ಕಚ್ಚಿಟ್ಟ ಸೇಬು, ಮೇಣ, ಒದ್ದೆ ಕಲ್ಲು. ಸಿಹಿ ಇರಬೇಕು ಅಂದುಕೊಂಡು ಬಾಯಿಗಿಟ್ಟರೆ ಒಂದಿಷ್ಟೂ ಸಿಹಿಯಿಲ್ಲ. ಅವನ ಹೆಂಡತಿ ಒಂದು ಗುಟುಕು ಕುಡಿದು, “ರೀ, ಇದು ಹಾಳಾಗಿದೆ. ನಾಳೆ ವಾಪಸ್ ಕೊಟ್ಟು ಬನ್ನಿ” ಅಂದರು. ಬಾಟಲಿ ಅಡುಗೆಮನೆಯ ಮೂಲೆ ಸೇರಿತು. ಮದುವೆ ಮನೆಗೆ ಬಂದ ಮುಂಗೋಪಿ ದೊಡ್ಡಪ್ಪ ಮೊದಲ ದಿನ ಯಾರ ಜೊತೆಗೂ ಮಾತಾಡದೆ, ಬೀಗರೂಟದ ಹೊತ್ತಿಗೆ ಇಡೀ ಚಪ್ಪರವನ್ನು ನಗಿಸುವ ಹಾಗೆ, ಎರಡು ದಿನ ಕಳೆದ ಮೇಲೆ ಅದೇ ವೈನು ಬಾಯಿ ಬಿಟ್ಟಿತು. ಸೇಬು ಹಿಂದೆ ಸರಿದು ಒಣ ಏಪ್ರಿಕಾಟ್ ಬಂತು. ಕೊನೆಯಲ್ಲಿ ಒಂದು ಸಣ್ಣ ಕಹಿ, ನಾಲಿಗೆಯ ಬದಿಯಲ್ಲಿ ತುಂಬ ಹೊತ್ತು ನಿಂತಿತು. “ಅದೇ ಬಾಟಲಿನಾ?” ಅಂತ ಅವರೇ ಮತ್ತೊಮ್ಮೆ ಲೋಟ ಚಾಚಿದರು.

ಎಲ್ಲ ವರ್ಷದ ವೈನೂ ಹೀಗೆ ದಾರಿಗೆ ಬರುತ್ತೆ ಅಂತೇನಿಲ್ಲ. ಇದನ್ನು ಕೊಂಡಾಡುವವರು ಎಷ್ಟು ಮಂದಿಯೋ, ದುಡ್ಡು ದಂಡ ಅಂತ ಬೈಯುವವರೂ ಅಷ್ಟೇ ಇದ್ದಾರೆ. ರುಚಿ ಆಮೇಲೆ, ವೈನು ಮೊದಲು ತನ್ನ ನೆಲದ್ದಾಗಿರಬೇಕು ಅನ್ನೋದು ಜೋಲಿ ಅವರ ವಾದ. ಕೇಳೋಕೆ ಚೆನ್ನಾಗಿದೆ, ಬಾಟಲಿಗೆ ನೂರರ ಆಸುಪಾಸು ಯೂರೋ ಕೊಟ್ಟವನಿಗೆ ಸಮಾಧಾನವಾಗೋದು ಕಷ್ಟ. ಆದರೂ ನನ್ನ ಓಟು ಅವರಿಗೇ. ಪ್ರತಿ ವರ್ಷ ಒಂದೇ ರುಚಿ ಬರಿಸುವ ಕಾರ್ಖಾನೆಗಳು ಬೇಕಾದಷ್ಟಿವೆ. ಮಳೆ ಜಾಸ್ತಿಯಾದ ವರ್ಷವನ್ನು ಮುಚ್ಚಿಡದೆ ಹಾಗೇ ಬಾಟಲಿಗೆ ತುಂಬುವ ಧೈರ್ಯ ಎಲ್ಲರಿಗೂ ಇರೋದಿಲ್ಲ.

ಇದನ್ನು ಫ್ರಾನ್ಸಿನ ಐದು ಶ್ರೇಷ್ಠ ಬಿಳಿ ವೈನುಗಳ ಸಾಲಿಗೆ ಸೇರಿಸಿದವರು ಕ್ಯುರ್ನೋನ್ಸ್ಕಿ ಎಂಬ ಹೆಸರಿನಿಂದ ಬರೆಯುತ್ತಿದ್ದ ಪ್ರಸಿದ್ಧ ಭೋಜನಪ್ರಿಯರು. ಅವರು ಹುಟ್ಟಿದ್ದು ಪಕ್ಕದ ಆಂಜೆಯಲ್ಲೇ ಅನ್ನೋದನ್ನೂ ನೆನಪಿಟ್ಟುಕೊಳ್ಳೋಣ. ಈಗ ತೋಟ ನೋಡಿಕೊಳ್ಳುತ್ತಿರುವವರು ಜೋಲಿ ಅವರ ಮಗಳು ವಿರ್ಜಿನಿ. ಕೊಂಬು, ಕೋಲು, ಸುಳಿ ಎಲ್ಲ ಮುಂದುವರಿದಿದೆ.

ಇದೇ ಶೆನಿನ್ ಬ್ಲಾಂಕನ್ನು ನಾಸಿಕ್ ಕಡೆ ಬೇಕಾದಷ್ಟು ಬೆಳೆಯುತ್ತಾರೆ. ಬೆಂಗಳೂರಿನ ಏಪ್ರಿಲ್ ಸೆಕೆಗೆ ಅದನ್ನೇ ಐಸ್‌ನಷ್ಟು ತಣ್ಣಗೆ ಮಾಡಿ ಕುಡಿಯೋದು ನನ್ನ ಪದ್ಧತಿ, ಜೇಬಿಗೂ ಹಿತ. ಕೂಲೇ ದ ಸೆರಾನನ್ನು ನಾನೇ ಕೊಳ್ಳುವ ಯೋಚನೆ ಇಲ್ಲ. ನಿಮ್ಮಲ್ಲಿ ಯಾರಾದರೂ ಕೊಂಡರೆ ಕರೆಯಿರಿ, ಬರುತ್ತೇನೆ. ತೆರೆದ ದಿನ ಬೇಡ, ಮೂರನೇ ದಿನ.