ನಾನು ಆಕಾಂಕ್ಷಿ ಅಲ್ಲ

"ನಾನು ಸಚಿವ ಸ್ಥಾನದ ಆಕಾಂಕ್ಷಿ ಅಲ್ಲ" ಎಂದು ಯಾರಾದರೂ ಕ್ಯಾಮೆರಾ ಮುಂದೆ ಹೇಳಿದರೆ ಸಾಕು, ನಮ್ಮ ಮಾವನವರು ಟೀವಿ ಸೌಂಡು ಜಾಸ್ತಿ ಮಾಡುತ್ತಾರೆ. ಅವರ ಪ್ರಕಾರ, ಪ್ರಮಾಣವಚನಕ್ಕೆ ಜುಬ್ಬಾ ಹೊಲಿಯಲು ಕೊಟ್ಟಾಗಿದೆ ಎಂದೇ ಲೆಕ್ಕ. "ಪಕ್ಷದಲ್ಲಿ ಭಿನ್ನಮತ ಇಲ್ಲವೇ ಇಲ್ಲ" ಅಂದರೆ ನಿನ್ನೆ ರಾತ್ರಿ ಕುರ್ಚಿ ಮುರಿದಿವೆ. "ಇದು ಸೌಹಾರ್ದಯುತ ಭೇಟಿ, ರಾಜಕೀಯ ಮಾತಾಡಲಿಲ್ಲ" ಅಂದರೆ ಬೇರೇನೂ ಮಾತಾಡಲಿಲ್ಲ. "ಹೈಕಮಾಂಡ್ ತೀರ್ಮಾನಕ್ಕೆ ಬದ್ಧ" ಅನ್ನುವವರಂತೂ ದೆಹಲಿ ವಿಮಾನದ ಟಿಕೆಟ್ ಜೇಬಿನಲ್ಲಿಟ್ಟುಕೊಂಡೇ ಅನ್ನುವುದು.

ಪಾಪ, ಅವರಾದರೂ ಏನು ಮಾಡಿಯಾರು? 224 ಕ್ಷೇತ್ರಗಳ ನಮ್ಮ ವಿಧಾನಸಭೆಯಿಂದ ಸಂಪುಟಕ್ಕೆ ಹಿಡಿಸುವುದು ಮುಖ್ಯಮಂತ್ರಿಯೂ ಸೇರಿ 34 ಮಂದಿ. ಸಂವಿಧಾನದ 91ನೇ ತಿದ್ದುಪಡಿ ಶೇ 15ಕ್ಕೇ ಬೇಲಿ ಹಾಕಿಬಿಟ್ಟಿದೆ. ಬೇಲಿಯಾಚೆ ಉಳಿದವರೆಲ್ಲ ಆಕಾಂಕ್ಷಿಗಳಲ್ಲದವರು. ಅವರ ಕಣ್ಣೀರೊರೆಸಲು ನಿಗಮ, ಮಂಡಳಿಗಳಿವೆ.

ಪತ್ರಿಕೆಯ ತಲೆಬರಹಗಳು ಇನ್ನೊಂದು ಲೋಕ. 'ತೆನೆ ಇಳಿಸಿ ಕೈ ಹಿಡಿದ ಮಾಜಿ ಶಾಸಕ' ಎಂಬುದು ಕೃಷಿ ಸುದ್ದಿಯೋ ಮದುವೆ ಸುದ್ದಿಯೋ, ಹೊಸದಾಗಿ ಕನ್ನಡ ಕಲಿತವರು ಹೇಳಲಿ ನೋಡೋಣ. 2008ರಲ್ಲಿ 'ಆಪರೇಷನ್ ಕಮಲ' ಎಂಬ ಮಾತು ಮೊದಲು ಕಿವಿಗೆ ಬಿದ್ದಾಗ ನಮ್ಮಜ್ಜಿ ಕೇಳಿದ್ದು ಒಂದೇ ಪ್ರಶ್ನೆ: "ಪಾಪ, ಕಮಲಂಗೆ ಏನಾಗಿತ್ತು?" ರಾಜೀನಾಮೆ, ಉಪಚುನಾವಣೆ, ಪಕ್ಷಾಂತರ ನಿಷೇಧ ಕಾಯ್ದೆ ಎಂದೆಲ್ಲ ವಿವರಿಸಿದೆವು. ಎಲ್ಲ ಕೇಳಿಸಿಕೊಂಡು, "ಹಾಗಿದ್ರೆ ಮತ್ತೆ ಆಪರೇಷನ್ ಆದ್ಮೇಲೆ ರೆಸಾರ್ಟಿಗ್ಯಾಕೆ ಹೋಗ್ತಾರೆ, ಪಥ್ಯಕ್ಕಾ?" ಅಂದಳು. ಉತ್ತರ ನಮ್ಮಲ್ಲಿರಲಿಲ್ಲ. ಶಾಸಕರನ್ನೇ ಕೇಳೋಣವೆಂದರೆ ಅವರು ಯಾವಾಗಲೂ 'ಸಂಪರ್ಕಕ್ಕೆ ಸಿಗುತ್ತಿಲ್ಲ'.

ಇವೆಲ್ಲ ಟೀವಿಯೊಳಗೇ ಇದ್ದಿದ್ದರೆ ನನ್ನ ತಕರಾರಿರಲಿಲ್ಲ. ಮೊನ್ನೆ ಮೇಲಿನ ಮನೆಯ ಬಚ್ಚಲು ನಮ್ಮ ಅಡುಗೆಮನೆಗೆ ಸೋರತೊಡಗಿತು. ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಗಳನ್ನು ಕರೆತಂದೆ. ಬಕೆಟ್ಟಿನ ಪಕ್ಕದಲ್ಲೇ ನಿಂತು, ಭುಜದ ಮೇಲೆ ತೊಟ್ಟಿಕ್ಕಿದ್ದನ್ನು ಕರ್ಚೀಫಿನಿಂದ ಒರೆಸಿಕೊಳ್ಳುತ್ತ, "ಸೋರಿಕೆ ನನ್ನ ಗಮನಕ್ಕೆ ಬಂದಿಲ್ಲ, ಮಾಹಿತಿ ತರಿಸಿಕೊಳ್ಳುತ್ತೇನೆ" ಅಂದರು.

"ಸಾರ್, ಇಲ್ಲೇ ಸೋರ್ತಿದೆಯಲ್ಲ!"

"ಅದಕ್ಕೇ ಉಪಸಮಿತಿ ಮಾಡ್ತಿದ್ದೀವಿ. ಸಾಧಕ ಬಾಧಕ ಚರ್ಚಿಸಿ, ಎಲ್ಲರನ್ನೂ ವಿಶ್ವಾಸಕ್ಕೆ ತಗೊಂಡು, ಹಂತ ಹಂತವಾಗಿ ಕ್ರಮ."

ಮಾವನವರು ನನ್ನ ಕಿವಿಯಲ್ಲಿ ಅನುವಾದಿಸಿದರು: "ಇನ್ನೊಂದು ಬಕೆಟ್ ತಂದಿಡಿ."

ವಾರ ಕಳೆದರೂ ಸುದ್ದಿಯಿಲ್ಲ. ನೆನಪಿಸಿದ್ದಕ್ಕೆ, "ಈ ಹಿಂದಿನ ಕಮಿಟಿಯ ಪಾಪದ ಕೂಸು ಇದು" ಎಂಬ ಉತ್ತರ ಬಂತು. ಆ ಕಮಿಟಿಯಲ್ಲೂ ಕಾರ್ಯದರ್ಶಿ ಇವರೇ. ಅದನ್ನು ನೆನಪಿಸಿದಾಗ, ನಾನು ವಿಷಯವನ್ನು ರಾಜಕೀಯಗೊಳಿಸುತ್ತಿದ್ದೇನೆ ಎಂಬ ಆರೋಪ ಹೊರಬೇಕಾಯಿತು.

ಕೊನೆಗೆ ನಾನೇ ಪ್ಲಂಬರ್ ಕರೆಸಿದೆ. ಸೂರು ತಟ್ಟಿ ನೋಡಿದ ಆತ, "ಅರ್ಧ ಗಂಟೆ ಕೆಲಸ ಸಾರ್. ಆದ್ರೆ ಮೇಲಿನವರು ಒಪ್ಪಬೇಕು" ಅಂದ.

ಮಾವನವರ ಕಣ್ಣರಳಿತು. "ಹೈಕಮಾಂಡಾ?"

"ಇಲ್ಲ ಸಾರ್, ಮೂರನೇ ಫ್ಲೋರಿನವರು. ಬಚ್ಚಲಿನ ಟೈಲ್ಸ್ ಒಡೀಬೇಕಲ್ಲ."

ವಿಚಾರಿಸಿದೆ. ಮನೆಮಂದಿಯೆಲ್ಲ ರೆಸಾರ್ಟಿಗೆ ಹೋಗಿದ್ದಾರಂತೆ. ಸಂಪರ್ಕಕ್ಕೆ ಸಿಗುತ್ತಿಲ್ಲ.